ಹೆಸರು ಕೆತ್ತಿಸುವ ಮುನ್ನ

ವಿಶ್ವವಿದ್ಯಾಲಯದ ಸಂಗೀತ ಶಾಲೆಗೆ ಅಗಲಿದವರ ನೆನಪಲ್ಲಿ ದೇಣಿಗೆ ಕೊಡುವವರು ಮೊದಲು ಕೇಳಬೇಕಾದ್ದು ‘ಫಲಕ ಎಲ್ಲಿ ಹಾಕ್ತೀರಿ?’ ಅಂತಲ್ಲ, ‘ಎಷ್ಟು ವರ್ಷ ಇರುತ್ತೆ?’ ಅಂತ. ನ್ಯೂಯಾರ್ಕಿನ ಲಿಂಕನ್ ಸೆಂಟರ್ ಎಂಬ ಕಲಾ ಕೇಂದ್ರದ ಸಂಗೀತ ಸಭಾಂಗಣಕ್ಕೆ 1973ರಲ್ಲಿ ದೊಡ್ಡ ದೇಣಿಗೆ ಕೊಟ್ಟ ಏವರಿ ಫಿಶರ್ ಹೆಸರಿತ್ತು. ನವೀಕರಣಕ್ಕೆ ಹೊಸ ದಾನಿ ಬೇಕಾದಾಗ ಆ ಹೆಸರು ಬಿಟ್ಟುಕೊಡಲು ಫಿಶರ್ ಕುಟುಂಬಕ್ಕೆ 1.5 ಕೋಟಿ ಡಾಲರ್ ಕೊಡಲು ಕೇಂದ್ರ ಒಪ್ಪಬೇಕಾಯಿತು. 2015ರಿಂದ ಅದು ಡೇವಿಡ್ ಗೆಫೆನ್ ಹಾಲ್. ಆದ್ದರಿಂದ ಅವಧಿ, ಕಟ್ಟಡ ಕೆಡವಿದರೆ ಹೆಸರು ಎಲ್ಲಿಗೆ ಹೋಗುತ್ತೆ, ಎರಡೂ ಒಪ್ಪಂದದಲ್ಲಿ ಬರಹದಲ್ಲಿರಲಿ.

ಸಭಾಂಗಣದ ಕುರ್ಚಿಗೆ ಹಾಕಿಸುವ ಹೆಸರಿನ ಫಲಕ ಅಗ್ಗ, ಆದರೆ ಕುರ್ಚಿ ಬದಲಾದ ದಿನ ಅದೂ ಹೋಗುತ್ತೆ. ಪಿಯಾನೋ ಕೊಟ್ಟು ಅದರ ಮೇಲೆ ಹೆಸರು ಹಾಕಿಸುವುದಾದರೆ ಒಂದು ಎಚ್ಚರ: ಹೆಸರಿನ ಹಿತ್ತಾಳೆ ಪಟ್ಟಿಯ ಸ್ಕ್ರೂ ಸ್ವಲ್ಪ ಸಡಿಲವಾದರೂ ಯಾವುದೋ ಒಂದೇ ಸ್ವರಕ್ಕೆ ಅದು ಝರ್ ಎನ್ನುತ್ತೆ, ಶ್ರುತಿ ಮಾಡುವವರು ತಂತಿಯಲ್ಲೇ ದೋಷ ಹುಡುಕುತ್ತಾ ಕೂರಬೇಕು. ಶ್ರುತಿ, ರಿಪೇರಿಗೆ ಬೇರೆ ನಿಧಿ ಇಲ್ಲದ ವಾದ್ಯ ಶಾಲೆಗೆ ಹೊರೆ.

ನನ್ನ ಮಟ್ಟಿಗೆ ವಿದ್ಯಾರ್ಥಿವೇತನವೇ ಮೇಲು. ಮೂಲಧನ ಮುಟ್ಟದೆ ವರ್ಷಕ್ಕೆ ಶೇ. 4ರಷ್ಟು ಖರ್ಚು ಮಾಡಿದರೆ 50,000 ಡಾಲರಿಂದ ಸಿಗೋದು 2,000. ಷರತ್ತು ಬಿಗಿ ಮಾಡಬೇಡಿ: ‘ವಯೋಲಾ ಕಲಿಯುವವರಿಗೆ ಮಾತ್ರ’ (ವಯೋಲಾ ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಅಂತ ಬರೆಸಿದರೆ, ವಯೋಲಾದವರು ಯಾರೂ ಸೇರದ ವರ್ಷ ಹಣ ಹಾಗೇ ಕೊಳೆಯುತ್ತೆ. ‘ವಯೋಲಾಗೆ ಆದ್ಯತೆ’ ಅಂತ ಬರೆಸಿ.

ಕೆತ್ತುವ ಮುನ್ನ ಹೆಸರಿನ ಕಾಗುಣಿತಕ್ಕೆ ಮನೆಯವರ ಸಹಿ ಪಡೆಯಿರಿ.