ಕಶೂಬಿಯಾಕ್ಕೆ ಹೊರಟವರೇ, ಬಸ್ ಪಟ್ಟಿಯಲ್ಲಿ ‘ಎಸ್’ ಅಕ್ಷರ ನೋಡಿಕೊಳ್ಳಿ

ಪೋಲೆಂಡಿನ ಕಶೂಬಿಯಾ ಪ್ರದೇಶದಲ್ಲಿ ಹ್ಮ್ಯೆಲ್ನೊ ಅನ್ನುವ ಹಳ್ಳಿಯ ಬಸ್ ಸ್ಟಾಪಿನಲ್ಲಿ ನಾನೂ ಅಕ್ಕನೂ ಒಂದೂವರೆ ಗಂಟೆ ನಿಂತೆವು. ಕಂಬಕ್ಕೆ ಅಂಟಿಸಿದ್ದ ಪಟ್ಟಿಯಲ್ಲಿ 15.40ಕ್ಕೆ ಬಸ್ ಇತ್ತು. ಬಸ್ ಮಾತ್ರ ಬರಲೇ ಇಲ್ಲ. ಅಕ್ಕನಿಗೆ ಮಂಡಿನೋವು, ಕೂರೋಣವೆಂದರೆ ಬೆಂಚೂ ಇಲ್ಲ. ಕೊನೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳು ನಮ್ಮನ್ನು ನೋಡಿ ನಿಂತಳು. 15.40ರ ಪಕ್ಕದಲ್ಲಿದ್ದ ಪುಟ್ಟ ‘ಎಸ್’ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದಳು. ಶಾಲೆ ಇರುವ ದಿನ ಮಾತ್ರ ಓಡುವ ಬಸ್ಸಂತೆ ಅದು! ಪೋಲೆಂಡಿನಲ್ಲಿ ಜುಲೈ, ಆಗಸ್ಟ್ ಪೂರ್ತಿ ಶಾಲೆಗೆ ರಜೆ. ನಾವು ಹೋಗಿದ್ದು ಜುಲೈನಲ್ಲಿ.

ಹತ್ತು ಕಿಲೋಮೀಟರ್ ಕೂಡ ಇಲ್ಲದ ದಾರಿಗೆ ಟ್ಯಾಕ್ಸಿಯವನಿಗೆ 80 ಝ್ಲೋಟಿ ಕೊಟ್ಟೆವು. ಆ ದುಡ್ಡಿನಲ್ಲಿ ಇಬ್ಬರೂ ಎರಡು ಹೊತ್ತು ಹೊಟ್ಟೆ ತುಂಬಾ ಉಣ್ಣಬಹುದಿತ್ತು. ಅದಕ್ಕೇ ಮೊದಲು ಇದನ್ನು ಬರೆಯುತ್ತಿದ್ದೇನೆ. ‘ಡಿ’ ಅಂತಿದ್ದರೆ ಸೋಮವಾರದಿಂದ ಶುಕ್ರವಾರದ ತನಕ ಮಾತ್ರ, ಹಬ್ಬದ ರಜೆಗೆ ಅದೂ ಇಲ್ಲ. ಅಕ್ಷರಗಳ ಅರ್ಥ ಪಟ್ಟಿಯ ಕೆಳಗೇ ಇರುತ್ತದೆ, ಆದರೆ ಪೋಲಿಷ್ ಭಾಷೆಯಲ್ಲಿ. ಫೋಟೋ ತೆಗೆದು ಮೊಬೈಲಿನಲ್ಲಿ ಅನುವಾದ ಮಾಡಿಕೊಂಡೇ ಹೊರಡಿ.

ಕಶೂಬಿಯಾ ಇರುವುದು ಗ್ಡಾನ್ಸ್ಕ್ ಊರಿನ ಪಶ್ಚಿಮಕ್ಕೆ. ಗುಡ್ಡ, ಕೆರೆಗಿಂತ ದೊಡ್ಡ ಸರೋವರಗಳು, ಕಾಡು, ನಡುವೆ ಸಣ್ಣ ಊರುಗಳು. ಇಲ್ಲಿನವರಿಗೆ ಪೋಲಿಷ್ ಅಲ್ಲದೆ ತಮ್ಮದೇ ಕಶೂಬಿಯನ್ ಭಾಷೆ ಇದೆ. 2005ರಲ್ಲಿ ಅದಕ್ಕೆ ಪ್ರಾದೇಶಿಕ ಭಾಷೆ ಅಂತ ಕಾನೂನಿನ ಮಾನ್ಯತೆ ಸಿಕ್ಕಿತು. ಎಷ್ಟೋ ಊರಿನ ಬೋರ್ಡುಗಳಲ್ಲಿ ಹೆಸರು ಎರಡೂ ಭಾಷೆಯಲ್ಲಿದೆ. ನಮ್ಮ ಮನೆಮಾತು ತುಳು. ಅಂಥ ಮೊದಲ ಬೋರ್ಡು ಕಂಡಾಗ ಅಕ್ಕ ಸುಮ್ನೆ ಅದನ್ನೇ ನೋಡುತ್ತಾ ನಿಂತಳು.

ಕಾರಿಲ್ಲದವರು ಕಾರ್ತುಜಿಯಲ್ಲಿ ಉಳಿದುಕೊಳ್ಳಿ. ಗ್ಡಾನ್ಸ್ಕ್ ಕಡೆಯಿಂದ ರೈಲಿದೆ. ಊರಿನ ಹೆಸರು ಬಂದಿದ್ದೇ ಇಲ್ಲಿದ್ದ ಕಾರ್ತೂಸಿಯನ್ ಸನ್ಯಾಸಿಗಳಿಂದ. ಅವರ ಚರ್ಚಿನ ಮಾಡು ಶವಪೆಟ್ಟಿಗೆಯ ಮುಚ್ಚಳದ ಆಕಾರದಲ್ಲಿದೆ. ಸಾವನ್ನು ಮರೆಯಬಾರದು ಅಂತ ಹಾಗೆ ಕಟ್ಟಿದರಂತೆ. ಊರಿನ ಕಶೂಬಿಯನ್ ಮ್ಯೂಸಿಯಂ ಚಿಕ್ಕದು, ಆದರೆ ಅವಸರ ಮಾಡಬೇಡಿ. ಅಲ್ಲಿ ‘ಬುರ್ಚಿಬಾಸ್’ ಅನ್ನುವ ವಾದ್ಯವಿದೆ. ಮರದ ಪುಟ್ಟ ಪೀಪಾಯಿ, ಅದಕ್ಕೆ ಕುದುರೆ ಬಾಲದ ಕೂದಲಿನ ಗೊಂಚಲು. ಒದ್ದೆ ಕೈಯಲ್ಲಿ ಆ ಕೂದಲನ್ನು ಎಳೆದರೆ ಕೋಣ ಗುರುಗುಟ್ಟಿದ ಹಾಗೆ ಸದ್ದು ಬರುತ್ತದೆ. ಕೇಳಿದರೆ ನುಡಿಸಿ ತೋರಿಸುತ್ತಾರೆ, ಕೇಳಿ. ದನದ ಕೊಂಬಿನಲ್ಲಿ ಮಾಡಿದ ನಶ್ಯದ ಡಬ್ಬಿಗಳೂ ಇವೆ. ಇಲ್ಲಿನವರಿಗೆ ನಶ್ಯ ಏರಿಸುವುದು ಈಗಲೂ ಹೆಮ್ಮೆಯ ವಿಷಯ. ನಮ್ಮ ಅಜ್ಜನ ಡಬ್ಬಿ ಹಿತ್ತಾಳೆಯದು. ಆದರೆ ಮುಚ್ಚಳ ತೆಗೆಯುವ ಮೊದಲು ಬೆರಳಲ್ಲಿ ಎರಡು ಸಲ ತಟ್ಟುವುದು ಅಜ್ಜನ ಥರವೇ!

ಊಟಕ್ಕೆ ‘ಬಾರ್ ಮ್ಲೆಚ್ನಿ’ ಹುಡುಕಿ. ಹೆಸರಲ್ಲಿ ಬಾರ್ ಇದ್ದರೂ ಹೆಂಡದಂಗಡಿ ಅಲ್ಲ, ‘ಹಾಲಿನ ಹೋಟೆಲ್’ ಅಂತ ಅರ್ಥ. ಕಡಿಮೆ ದುಡ್ಡಿಗೆ ಮನೆಯೂಟ ಸಿಗುವ ಜಾಗ. ನಾವು ಹೋದಲ್ಲಿ ಕೌಂಟರಿನಲ್ಲಿ ಹೇಳಿ, ದುಡ್ಡು ಕೊಟ್ಟು, ಕಿಟಕಿಯಲ್ಲಿ ತಟ್ಟೆ ತೆಗೆದುಕೊಳ್ಳಬೇಕಿತ್ತು. ನಮ್ಮ ದರ್ಶಿನಿಯ ಪದ್ಧತಿಯೇ. ಹೊಸ ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ, ಸಬ್ಬಸಿಗೆ ಸೊಪ್ಪು ಉದುರಿಸಿ ಕೊಟ್ಟರು. ಜೊತೆಗೆ ಒಂದು ದೊಡ್ಡ ಲೋಟ ಹೆಪ್ಪುಗಟ್ಟಿದ ಹುಳಿ ಹಾಲು, ಅಂದರೆ ಮೊಸರೇ. ಆರು ದಿನದಿಂದ ಬ್ರೆಡ್ಡು ತಿಂದು ನಾಲಿಗೆ ಸತ್ತಿತ್ತು. ಅಕ್ಕ ಆಲೂಗಡ್ಡೆ ಹಿಸುಕಿ ಮೊಸರಿಗೆ ಕಲಸಿಕೊಂಡಳು. ಕಿಟಕಿಯ ಹಿಂದಿದ್ದ ಹೆಂಗಸು ಅದನ್ನು ಕಂಡು ಕೇಳದೆಯೇ ಇನ್ನೊಂದು ಲೋಟ ತಂದಿಟ್ಟರು. ಇಬ್ಬರದೂ ಸೇರಿ 38 ಝ್ಲೋಟಿ. ಮೂರು ದಿನವೂ ಅಲ್ಲೇ ಉಂಡೆವು. ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ: ಆಲೂಗಡ್ಡೆ-ಪನೀರಿನ ಹೂರಣದ ಪಿಯೆರೋಗಿ (ನಮ್ಮ ಕಡುಬಿನ ಥರ) ಚೆನ್ನಾಗಿರುತ್ತದೆ, ಆದರೆ ಮೇಲೆ ಹಂದಿ ಕೊಬ್ಬಿನ ಚೂರು ಹಾಕಿರುತ್ತಾರೆ. ‘ಬೆಸ್ ಸ್ಕ್ಫಾರೆಕ್’ ಅಂದರೆ ಹಾಕುವುದಿಲ್ಲ. ಸೂಪುಗಳನ್ನು ಎಷ್ಟೋ ಸಲ ಮಾಂಸದ ನೀರಿನಲ್ಲೇ ಮಾಡುತ್ತಾರೆ, ವಿಚಾರಿಸಿಯೇ ತೆಗೆದುಕೊಳ್ಳಿ.

ಒಂದೇ ಜಾಗ ನೋಡಲು ಸಾಧ್ಯ ಅಂದರೆ ವ್‌ಜಿಜೆಗೆ ಹೋಗಿ. ಗುಲ್ಗೋವ್‌ಸ್ಕಿ ಅನ್ನುವ ಶಾಲೆ ಮೇಷ್ಟ್ರು ಮತ್ತು ಅವರ ಹೆಂಡತಿ ತೆಯೊದೊರಾ 1906ರಲ್ಲಿ ಒಂದು ಹಳೆಯ ಹುಲ್ಲಿನ ಮನೆ ಕೊಂಡು ಮ್ಯೂಸಿಯಂ ಮಾಡಿದರು. ಈಗಿನ ಪೋಲೆಂಡಿನಲ್ಲಿ ಬಯಲು ಮ್ಯೂಸಿಯಂ ಶುರುವಾಗಿದ್ದೇ ಅಲ್ಲಿಂದ. ಆ ಮೊದಲ ಮನೆ 1932ರಲ್ಲಿ ಸುಟ್ಟುಹೋಯಿತು, ಮತ್ತೆ ಹಾಗೇ ಕಟ್ಟಿದ್ದಾರೆ. ಈಗ ಸರೋವರದ ದಂಡೆಯಲ್ಲಿ ಮನೆಗಳು, ಶಾಲೆ, ಮರದ ಚರ್ಚು, ಗಾಳಿಗಿರಣಿ ಎಲ್ಲ ಇವೆ. ತೆಯೊದೊರಾ ಚಿತ್ರ ಬರೆಯುತ್ತಿದ್ದವರು. ಊರಿನ ಹೆಂಗಸರಿಗೆ ಕಸೂತಿ ಕಲಿಸಿ, ಕೈಗೆ ನಾಲ್ಕು ಕಾಸು ಬರುವ ಹಾಗೆ ಮಾಡಿದರು. ಏಳು ಬಣ್ಣದ ಕಶೂಬಿಯನ್ ಕಸೂತಿ ಇಂದು ಎಲ್ಲೆಡೆ ಕಾಣುತ್ತದೆ. ಅದರಲ್ಲಿ ನೀಲಿಯೇ ಮೂರು ಬಗೆ. ನಮಗೆ ಐದು ಗಂಟೆ ಸಾಲಲಿಲ್ಲ. ಆದರೆ ಜುಲೈನ ಜಾತ್ರೆಯ ದಿನ ಹೋಗಬೇಡಿ. ಜನ ಜಾಸ್ತಿ ಇದ್ದರೆ ಆ ಮನೆಗಳೊಳಗಿನ ತಂಪು, ಹೊಗೆಯ ವಾಸನೆ ಯಾವುದೂ ಸಿಗುವುದಿಲ್ಲ. ಹತ್ತಿರದ ರೈಲು ಕೊಶ್ಚೆಜಿನಾ ತನಕ, ಅಲ್ಲಿಂದ ಸುಮಾರು 15 ಕಿಲೋಮೀಟರ್. ನಾವು ಎಚ್ಚರ ಕಲಿತಿದ್ದೆವು, ವಾಪಸ್ ಬರುವ ಟ್ಯಾಕ್ಸಿಗೂ ಬೆಳಿಗ್ಗೆಯೇ ಹೇಳಿಟ್ಟೆವು.

ಶಿಂಬಾರ್ಕ್ ಊರಿನಲ್ಲಿ ಬೇಕೆಂದೇ ತಲೆಕೆಳಗಾಗಿ ಕಟ್ಟಿದ ಮನೆಯನ್ನು ಎಲ್ಲರೂ ಹೇಳುತ್ತಾರೆ. ಮಕ್ಕಳಿದ್ದರೆ ಹೋಗಿ. ನನಗೆ ಗದ್ದಲ ಆಗದು, ನಾನು ಹೋಗಲಿಲ್ಲ. ಹ್ಮ್ಯೆಲ್ನೊದಲ್ಲಿ ನೆತ್ಸೆಲ್ ಮನೆತನದ ಕುಂಬಾರಿಕೆ ಮ್ಯೂಸಿಯಂ ಮಾತ್ರ ಬಿಡಬೇಡಿ. ತಲೆಮಾರುಗಳಿಂದ ಅದೇ ಕಸುಬು. ಮೀನಿನ ಹುರುಪೆ, ಟ್ಯುಲಿಪ್ ಹೂವು, ಹೀಗೆ ಏಳೇ ಏಳು ವಿನ್ಯಾಸ.

ಕೊನೆಯ ರಾತ್ರಿ ಸರೋವರದ ಬದಿಯ ಒಂದು ಮನೆಯಲ್ಲಿ ಕೋಣೆ ಹಿಡಿದೆವು. ಹೇಳಿದ ಬಾಡಿಗೆ 260 ಝ್ಲೋಟಿ. ಬೆಳಿಗ್ಗೆ ಬೆಡ್‌ಶೀಟಿಗೆ 30, ಟವೆಲಿಗೆ 20 ಬೇರೆ ಕೇಳಿದರು. ಎಲ್ಲಿಯೂ ಬರೆದಿರಲಿಲ್ಲ. ಅಕ್ಕ ಜಗಳ ಬೇಡ ಅಂದಳು, ಕೊಟ್ಟೆವು. ನೀವು ಬುಕ್ ಮಾಡುವಾಗಲೇ ಈ ಎರಡನ್ನೂ ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಮತ್ತೆ, ಸೋಮವಾರ ಮ್ಯೂಸಿಯಂಗಳಿಗೆ ರಜೆ ಇರುವುದೇ ಹೆಚ್ಚು, ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಬ್ರೆಡ್ಡು, ಹಣ್ಣು, ಎರಡು ಬಾಟಲಿ ‘ಮಶ್ಲಾಂಕಾ’ ತಂದಿಟ್ಟುಕೊಳ್ಳಿ. ಅದು ಮಜ್ಜಿಗೆ. ಸ್ವಲ್ಪ ಉಪ್ಪು ಹಾಕಿದರೆ ಸಾಕು.