ಪಗಡಿ ಖೋಲಿಯ ರಸೀದಿಗಳು

ಮುಂಬೈಯ ಲಾಲ್‌ಬಾಗಿನ ನಮ್ಮ ಚಾಳ್, ಅಂದರೆ ಒಂದೊಂದೇ ಖೋಲಿಯ (ಕೋಣೆಯ) ಮನೆಗಳ ವಠಾರ, ಒಡೆದು ಹೊಸದಾಗಿ ಕಟ್ಟುವುದು ಖಚಿತವಾದ ವಾರವೇ ಮಾವನವರಿಗೂ ನನ್ನ ಮಗನಿಗೂ ಮಾತು ನಿಂತಿತು. ಮಗನಿಗೆ ಈಗ 29 ವರ್ಷ. ಮದುವೆಯಾದ ಮೇಲೆ ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ 17,000 ರೂಪಾಯಿ ಬಾಡಿಗೆಯ ಮನೆ ಹಿಡಿದಿದ್ದಾನೆ. "ಇಷ್ಟು ಸಂಬಳವಿದ್ದೂ ಬಾಡಿಗೆ ಮನೆಯೇ? ನಿನ್ನ ವಯಸ್ಸಿಗೆ ನಾನು ಈ ಖೋಲಿ ಮಾಡಿಯಾಗಿತ್ತು" ಎಂದು ಮಾವನವರು ಊಟದ ಹೊತ್ತಿಗೆ ಅಂದರು. ಮಗ ಅನ್ನ ಕಲಸುವುದನ್ನು ನಿಲ್ಲಿಸಿ, "ಎಷ್ಟು ಕೊಟ್ಟಿದ್ದಿರಿ, ಅಜ್ಜ?" ಎಂದು ಕೇಳಿದ.

ಮಂಚದಡಿಯ ಬಿಸ್ಕತ್ತಿನ ಡಬ್ಬಿ ಹೊರಬಂದದ್ದು ಆಗ. 1974ರಲ್ಲಿ ಪಗಡಿ, ಅಂದರೆ ಕಡಿಮೆ ಬಾಡಿಗೆಯಲ್ಲಿ ಕಾಯಂ ಇರಲು ಮೊದಲೇ ಕೊಟ್ಟ ಇಡಿಗಂಟು, 4,500 ರೂಪಾಯಿ. ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದ ಮಾವನವರಿಗೆ ಅದು ಸುಮಾರು ಒಂದು ವರ್ಷದ ಸಂಬಳ. ಬಾಡಿಗೆ ತಿಂಗಳಿಗೆ 38 ರೂಪಾಯಿ. ಅಷ್ಟೇ ಜಾಗವನ್ನು ಇಂದು ಇದೇ ಓಣಿಯಲ್ಲಿ ಕೊಳ್ಳಬೇಕೆಂದರೆ, ಉಣ್ಣದೆ ಉಡದೆ ಕೂಡಿಟ್ಟರೂ ತನ್ನ 13 ವರ್ಷದ ಸಂಬಳ ಬೇಕೆಂದು ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದ.

ಮಾವನವರು ಇದನ್ನು ತಮ್ಮ ದುಡಿಮೆಗೆ ಆದ ಅವಮಾನವೆಂದು ತಿಳಿದರು. 1962ರಲ್ಲಿ ಉಡುಪಿಯ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಓದಿ ನೌಕರಿ ಹಿಡಿದವರು ಅವರು. ಆ ದುಡಿಮೆ ಸುಳ್ಳಲ್ಲ. ಆದರೆ ಖೋಲಿ ಉಳಿದದ್ದು ದುಡಿಮೆಯಿಂದ ಮಾತ್ರವಲ್ಲ, ಕಾನೂನಿನಿಂದ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮುಂಬೈಯ 1947ರ ಬಾಡಿಗೆ ಕಾಯ್ದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ದರಕ್ಕೆ ಕಟ್ಟಿಹಾಕಿತ್ತು; 2000ದಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯೂ ವರ್ಷಕ್ಕೆ ಶೇಕಡಾ 4ರಷ್ಟು ಏರಿಕೆಗೆ ಮಾತ್ರ ಒಪ್ಪಿತು. (ಆ 38 ರೂಪಾಯಿಯಲ್ಲಿ ಸೋರುವ ಮಾಡು ರಿಪೇರಿ ಮಾಡಿಸಬೇಕಾಗಿದ್ದ ಮಾಲೀಕನ ಮೊಮ್ಮಕ್ಕಳ ಮನೆಯಲ್ಲಿ ಯಾವ ಜಗಳ ನಡೆದಿತ್ತೋ.) ಪಿಂಚಣಿಯ ಕತೆಯೂ ಅದೇ. ಮಾವನವರಿಗೆ ಕೊನೆಯ ಸಂಬಳದ ಅರ್ಧ ಖಾತ್ರಿಯಾಗಿ ಸಿಕ್ಕಿತು. 2004ರ ಜನವರಿ 1ರ ನಂತರ ಅದೇ ಇಲಾಖೆಗೆ ಸೇರಿದವರಿಗೆ ಆ ಹಳೆಯ ಪಿಂಚಣಿ ಇಲ್ಲ. ಖಾಸಗಿ ಕಂಪೆನಿಯಲ್ಲಿರುವ ಮಗನ ಮಾತು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಮಗನ ಲೆಕ್ಕವೂ ಪೂರ್ಣವಲ್ಲ. ಡಬ್ಬಿಯ ತಳದಲ್ಲಿ ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿದ್ದ ಇನ್ನೊಂದು ಕಟ್ಟಿತ್ತು: ಊರಿಗೆ ಕಳಿಸಿದ ಮನಿಯಾರ್ಡರುಗಳ ರಸೀದಿಗಳು. ಇಬ್ಬರು ತಂಗಿಯರ ಮದುವೆ, ತಮ್ಮನ ಫೀಸು, ಮಾಡಿನ ಹಂಚು, ಎಲ್ಲವೂ ಅದರಲ್ಲಿದ್ದವು. ಮಗ ಈವರೆಗೆ ನಮಗೆ ಒಂದು ರೂಪಾಯಿ ಕಳಿಸಬೇಕಾಗಿ ಬಂದಿಲ್ಲ, ಮತ್ತು ಅದಕ್ಕೆ ಕಾರಣ ಈ ಕಟ್ಟು. ಇನ್ನು, 180 ಚದರಡಿಯಲ್ಲಿ ಆರು ಜನರ ನಡುವೆ ಅಡುಗೆ ಕಟ್ಟೆಯ ಪಕ್ಕ ಒಂಬತ್ತು ವರ್ಷ ಮಲಗಿದ ನನ್ನ ಹೆಸರಿನಲ್ಲಿ ಯಾವ ರಸೀದಿಯೂ ಇಲ್ಲವೆಂದು ನಾನು ಅಂದಾಗ ಇಬ್ಬರೂ ಒಟ್ಟಿಗೆ ಸುಮ್ಮನಾದರು.

ಮಾವನವರಿಗೆ 80 ತುಂಬಿದ ಮೇಲೆ ಪಿಂಚಣಿಗೆ ಶೇಕಡಾ 20 ಹೆಚ್ಚುವರಿ ಸೇರಿದೆ. ಆ ಹೆಚ್ಚುವರಿಯನ್ನು ಮೊಮ್ಮಗನ ಬಾಡಿಗೆಗೆ ಕೊಡುವುದಾಗಿ ಹದಿನೈದು ದಿನದ ನಂತರ ತಾವೇ ಹೇಳಿದರು. "ನನ್ನ ತೆರಿಗೆಯೇ ತಿರುಗಿ ಬಂತು" ಎಂದು ಮಗ ನಕ್ಕ. ಮಾವನವರಿಗೆ ಅದು ಹಿಡಿಸಲಿಲ್ಲ. ಆದರೂ ಒಂದನೇ ತಾರೀಕಿಗೆ ನನ್ನ ಫೋನಿನಿಂದಲೇ ಹಣ ಕಳಿಸಿ, ಕೆಂಪು ಪಟ್ಟಿಯ ಹಳೆಯ ಲೆಕ್ಕದ ಪುಸ್ತಕ ತೆಗೆಸಿ, ತಮ್ಮನ ಫೀಸಿನ ಕೆಳಗೆ ಉಳಿದಿದ್ದ ಖಾಲಿ ಸಾಲಿನಲ್ಲಿ "ಮನಿಯಾರ್ಡರ್, ಡೊಂಬಿವಲಿ" ಎಂದು ಬರೆದರು.