ಪೆಟ್ಟು ಬಿದ್ದ ನಂತರದ ಗಂಟೆಗಳು

14 ನವೆಂಬರ್ 2025, ಶುಕ್ರವಾರ

ಸಂಶೋಧನೆಗೆ ಸೇರಲು ಬಂದಿರುವ ವಿದ್ಯಾರ್ಥಿನಿಯೊಬ್ಬಳು ಇಂದು ಮಧ್ಯಾಹ್ನ ಯಾವ ಸಂಕೋಚವೂ ಇಲ್ಲದೆ ಕೇಳಿದಳು: "ಮೇಡಂ, ತಲೆಪೆಟ್ಟಿನ ನಂತರ ಮಿದುಳನ್ನು ಕಾಪಾಡುತ್ತವೆ ಎಂದುಕೊಂಡಿದ್ದ ಔಷಧಗಳು ಒಂದರ ಹಿಂದೊಂದು ಸೋತಿವೆ. ಹೀಗಿರುವಾಗ ಇದೇ ವಿಷಯವನ್ನು ಪಿಎಚ್.ಡಿ.ಗೆ ಆರಿಸಿಕೊಳ್ಳಬಹುದೇ?" ಸಮಾರಂಭವೊಂದರಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಎರಡು ಒಳ್ಳೆಯ ಮಾತು ಹೇಳಿ ಮುಗಿಸಿಬಿಡುತ್ತಿದ್ದೆ. ತನ್ನ ಮುಂದಿನ ಐದಾರು ವರ್ಷಗಳನ್ನು ಇದಕ್ಕೆ ಕೊಡಲು ಹೊರಟವಳಿಗೆ ಹಾಗೆ ಹೇಳಿ ಕಳಿಸುವಂತಿಲ್ಲ. ಅವಳಿಗೆ ಹೇಳಿದ್ದನ್ನೂ ಹೇಳಲು ಹೊತ್ತು ಸಾಲದೆ ಉಳಿದದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಈ ಕ್ಷೇತ್ರಕ್ಕೆ ಕಾಲಿಟ್ಟಾಗ ತಲೆಪೆಟ್ಟನ್ನು ಒಂದು ಕ್ಷಣದ ಘಟನೆಯೆಂದೇ ಭಾವಿಸಿದ್ದೆ. ಹಾಗೆ ಭಾವಿಸಲು ಕಾರಣಗಳೂ ಇದ್ದವು. 1943ರಲ್ಲಿ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್ ಅವರು ಮಿದುಳಿನ ಆಕಾರಕ್ಕೆ ಎರಕಹೊಯ್ದ ಜೆಲಾಟಿನ್ ಮಾದರಿಗಳನ್ನು ತಿರುಗಿಸಿ ನೋಡಿ, ಮಿದುಳಿನ ವಸ್ತುವು ಒತ್ತಡವನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ, ಆದರೆ ತಲೆ ಥಟ್ಟನೆ ತಿರುಗಿದಾಗ ಅದರ ಪದರಗಳು ಒಂದರ ಮೇಲೊಂದು ಜಾರುವ ಬಲವನ್ನು ತಾಳಲಾರದು ಎಂದು ವಾದಿಸಿದ್ದರು. 1956ರಲ್ಲಿ ಸಬೀನಾ ಸ್ಟ್ರಿಚ್ ಅವರು, ತಲೆಗೆ ಪೆಟ್ಟಾದ ಮೇಲೆ ತೀವ್ರ ಮರೆವು ಮತ್ತು ಜಡತೆಯಲ್ಲೇ ಬಹುಕಾಲ ಬದುಕಿ ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿ, ಅವುಗಳ ಬಿಳಿ ಭಾಗದಲ್ಲಿ ನರತಂತುಗಳು ವ್ಯಾಪಕವಾಗಿ ನಶಿಸಿರುವುದನ್ನು ವರದಿ ಮಾಡಿದರು. ಇವೆರಡನ್ನೂ ಸೇರಿಸಿ ಓದಿದವರಿಗೆ, ಪೆಟ್ಟು ಬಿದ್ದ ಕ್ಷಣದಲ್ಲೇ ತಂತುಗಳು ಹರಿದುಹೋಗುತ್ತವೆ ಎಂಬ ಚಿತ್ರ ತಾನಾಗಿಯೇ ಮೂಡುತ್ತದೆ. ಹರಿದದ್ದು ಹರಿದಾಯಿತು ಎಂದಾದರೆ ವೈದ್ಯನಿಗೆ ಉಳಿಯುವ ಕೆಲಸ ಅಲ್ಪ.

ಈ ಚಿತ್ರವನ್ನು ಬದಲಿಸಿದ್ದು ಗಡಿಯಾರ. 1980ರ ದಶಕದಲ್ಲಿ ಜಾನ್ ಪೊವ್ಲಿಶಾಕ್ ಮತ್ತು ಅವರ ಸಹೋದ್ಯೋಗಿಗಳು ಬೆಕ್ಕುಗಳ ಮಿದುಳನ್ನು ಪೆಟ್ಟಿನ ನಂತರದ ಬೇರೆಬೇರೆ ಹೊತ್ತಿನಲ್ಲಿ ಪರೀಕ್ಷಿಸಿ, ಬಹುಪಾಲು ಆಕ್ಸಾನುಗಳು, ಅಂದರೆ ನರಕೋಶದಿಂದ ಹೊರಡುವ ಉದ್ದನೆಯ ತಂತುಗಳು, ಆ ಕ್ಷಣದಲ್ಲಿ ತುಂಡಾಗುವುದಿಲ್ಲ, ಮೊದಲು ಒಂದೆಡೆ ಊದಿಕೊಂಡು ಗಂಟೆಗಳ ನಂತರ ಬೇರ್ಪಡುತ್ತವೆ ಎಂದು ತೋರಿಸಿದರು. ಓದಿ ತಿಳಿದಿದ್ದ ಈ ಸಂಗತಿ ನನಗೆ ನಿಜವಾಗಿ ಮನದಟ್ಟಾದದ್ದು ನಾನೇ ಸ್ಲೈಡುಗಳನ್ನು ಮಾಡಲು ಕಲಿತ ಮೇಲೆ. ಅರಿವಳಿಕೆಯಲ್ಲಿರುವ ಇಲಿಯ ತಲೆಬುರುಡೆಯಲ್ಲಿ ಮಾಡಿದ ಸಣ್ಣ ರಂಧ್ರಕ್ಕೆ ಲವಣದ್ರಾವಣ ತುಂಬಿದ ಕೊಳವೆಯನ್ನು ಜೋಡಿಸುತ್ತೇವೆ. ಲೋಲಕವೊಂದು ಬಿದ್ದು ಕೊಳವೆಯ ಇನ್ನೊಂದು ತುದಿಯ ಪಿಸ್ಟನ್ನಿಗೆ ಬಡಿಯುತ್ತದೆ, ಸುಮಾರು 20 ಮಿಲಿಸೆಕೆಂಡಿನ ಒತ್ತಡದ ಅಲೆ ಮಿದುಳಿನ ಹೊದಿಕೆಯನ್ನು ತಟ್ಟುತ್ತದೆ. ತಕ್ಷಣ ಇಲಿಯನ್ನು ಅಂಗಾತ ಮಲಗಿಸಿ ಸ್ಟಾಪ್‌ವಾಚ್ ಒತ್ತುತ್ತೇವೆ. ಅದು ತಾನಾಗಿ ಮಗ್ಗುಲು ತಿರುಗಿ ಕಾಲೂರುವವರೆಗಿನ ಹೊತ್ತೇ ಪೆಟ್ಟಿನ ಮೊದಲ ಅಳತೆ. ಮುಂದಿನದೆಲ್ಲ ಹೆಪ್ಪುಗಟ್ಟಿಸಿದ ಮಿದುಳನ್ನು ತೆಳುವಾಗಿ ಕತ್ತರಿಸುವ ಕ್ರಯೋಸ್ಟಾಟ್ ಯಂತ್ರದಲ್ಲಿ, ಕೊರೆಯುವ ಚಳಿಯಲ್ಲಿ, ಕೂದಲಿಗಿಂತ ತೆಳುವಾದ ಹಾಳೆಗಳನ್ನು ಕುಂಚದ ತುದಿಯಿಂದ ಎತ್ತಿ ಗಾಜಿನ ಮೇಲೆ ಹರವುವ ಕೆಲಸ.

ಆ ಹಾಳೆಗಳಿಗೆ ಹಚ್ಚುವ ಪ್ರತಿಕಾಯವು ಎಪಿಪಿ ಎಂಬ ಪ್ರೋಟೀನನ್ನು ಕಂದುಬಣ್ಣದಲ್ಲಿ ತೋರಿಸುತ್ತದೆ. ಈ ಪ್ರೋಟೀನು ಕೋಶದ ಒಡಲಲ್ಲಿ ತಯಾರಾಗಿ ಆಕ್ಸಾನಿನ ಉದ್ದಕ್ಕೂ ಸಾಗುತ್ತಿರುತ್ತದೆ. ಸಾಗಣೆ ಸರಾಗವಾಗಿರುವಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ, ತಡೆಯಾದಲ್ಲಿ ಗುಡ್ಡೆಬೀಳುತ್ತದೆ. ಮೊದಲ ಗಂಟೆಯೊಳಗಿನ ಸ್ಲೈಡು ಬಹುಮಟ್ಟಿಗೆ ಖಾಲಿಯಾಗಿರುತ್ತದೆ. ಮೂರು ಗಂಟೆಯ ಸ್ಲೈಡಿನಲ್ಲಿ, ಎರಡು ಗೋಳಾರ್ಧಗಳನ್ನು ಬೆಸೆಯುವ ತಂತುಗಳ ಪಟ್ಟಿಯಲ್ಲಿ, ದಾರಕ್ಕೆ ಪೋಣಿಸಿದ ಮಣಿಗಳಂತೆ ಕಂದು ಉಬ್ಬುಗಳು ಕಾಣುತ್ತವೆ. ಮರುದಿನದ ಸ್ಲೈಡಿನಲ್ಲಿ ಹಲವೆಡೆ ದಾರವೇ ಇರುವುದಿಲ್ಲ, ಕಡಿದ ತುದಿಯಲ್ಲಿ ದಪ್ಪನೆಯ ಗೋಳಿಯೊಂದು ಉಳಿದಿರುತ್ತದೆ. ನನ್ನ ವೃತ್ತಿಜೀವನದ ಬಹುಭಾಗ ಕಳೆದದ್ದು ಈ ಎರಡನೆಯ ಮತ್ತು ಮೂರನೆಯ ಸ್ಲೈಡುಗಳ ನಡುವಿನ ಹೊತ್ತಿನಲ್ಲಿ.

ಆ ಹೊತ್ತಿನಲ್ಲಿ ಏನಾಗುತ್ತದೆ ಎಂಬುದರ ಸ್ಥೂಲಚಿತ್ರ ಈಗ ಸಾಕಷ್ಟು ಸ್ಪಷ್ಟವಿದೆ. ಎಳೆತಕ್ಕೆ ಸಿಕ್ಕಿದ ಪೊರೆಯ ಮೂಲಕ ಸೋಡಿಯಂ ಒಳನುಗ್ಗುತ್ತದೆ, ಅದರ ಬೆನ್ನಿಗೇ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಏರಿದೊಡನೆ ಕ್ಯಾಲ್ಪೇನ್ ಎಂಬ ಕಿಣ್ವವು ಎಚ್ಚೆತ್ತು ಆಕ್ಸಾನಿನ ಒಳಗಿನ ಹಂದರವನ್ನೇ ಕತ್ತರಿಸತೊಡಗುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಊದಿಕೊಳ್ಳುತ್ತವೆ. ಇತ್ತ ಹೊರಸೋರಿದ ಪೊಟ್ಯಾಸಿಯಂ ಅನ್ನು ಹಿಂದಕ್ಕೆ ಎಳೆದುಕೊಳ್ಳಲು ಪಂಪುಗಳು ಎಡೆಬಿಡದೆ ದುಡಿಯಬೇಕಾಗಿ ಗ್ಲೂಕೋಸಿನ ಬೇಡಿಕೆ ಏರುತ್ತದೆ, ಅದೇ ಹೊತ್ತಿಗೆ ರಕ್ತದ ಹರಿವು ತಗ್ಗಿರಲೂಬಹುದು. ಇವುಗಳಲ್ಲಿ ಯಾವುದಾದರೊಂದು ಹಂತವನ್ನು ತಡೆದರೆ ತಂತು ಉಳಿದೀತು ಎಂಬ ಆಸೆಯಿಂದಲೇ ನನ್ನ ತಲೆಮಾರಿನವರು ಔಷಧಗಳ ಬೆನ್ನುಹತ್ತಿದೆವು.

ವಿದ್ಯಾರ್ಥಿನಿ ಹೇಳಿದ ಸೋಲುಗಳ ಪಟ್ಟಿಯಲ್ಲಿ ಉತ್ಪ್ರೇಕ್ಷೆಯಿಲ್ಲ. ಊತ ಇಳಿಸುತ್ತದೆಂಬ ನಂಬಿಕೆಯಲ್ಲಿ ದಶಕಗಳ ಕಾಲ ಕೊಡುತ್ತಿದ್ದ ಸ್ಟೆರಾಯ್ಡನ್ನು ಕ್ರ್ಯಾಶ್ ಎಂಬ ಅಧ್ಯಯನವು 10,008 ಮಂದಿಯಲ್ಲಿ ಪರೀಕ್ಷಿಸಿತು. 2004ರಲ್ಲಿ ಬಂದ ಫಲಿತಾಂಶದಂತೆ ಎರಡು ವಾರಗಳೊಳಗೆ ಸ್ಟೆರಾಯ್ಡ್ ಪಡೆದವರಲ್ಲಿ ಶೇ. 21.1 ಮಂದಿ ಸತ್ತಿದ್ದರು, ಪಡೆಯದವರಲ್ಲಿ ಶೇ. 17.9. ಔಷಧ ನಿಷ್ಪ್ರಯೋಜಕವಾಗಿದ್ದಷ್ಟೇ ಅಲ್ಲ, ಹಾನಿಯನ್ನೂ ಮಾಡುತ್ತಿತ್ತು. ಪ್ರಾಣಿಗಳಲ್ಲಿ ಅಷ್ಟೊಂದು ಭರವಸೆ ಮೂಡಿಸಿದ್ದ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಕೂಡ ಎರಡು ದೊಡ್ಡ ಪ್ರಯೋಗಗಳಲ್ಲಿ, ಒಟ್ಟು ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ, ಯಾವ ಪ್ರಯೋಜನವನ್ನೂ ತೋರಲಿಲ್ಲ. 2014ರ ಆ ಎರಡು ವರದಿಗಳು ಬಂದಾಗ ನಮ್ಮ ವಲಯದಲ್ಲಿ ಕವಿದ ಮಂಕು ಕೆಲವರನ್ನು ಬೇರೆ ರೋಗಗಳತ್ತ ಕಳಿಸಿತು. ಅವರನ್ನು ದೂರಲಾರೆ.

ಆದರೆ ಸೋತದ್ದು ಔಷಧವೋ, ನಾವು ಕೇಳಿದ ಪ್ರಶ್ನೆಯೋ ಎಂಬುದನ್ನು ವಿಚಾರಿಸಬೇಕು. ನಮ್ಮ ಇಲಿಗಳೆಲ್ಲ ಒಂದೇ ವಯಸ್ಸಿನವು, ಹೆಚ್ಚಾಗಿ ಗಂಡು, ಪೆಟ್ಟು ಬೀಳುವ ಜಾಗವೂ ಬಲವೂ ಒಂದೇ, ಔಷಧ ಸಿಗುವುದು ಎಷ್ಟೋ ಸಲ ನಿಮಿಷಗಳೊಳಗೆ. ಆಸ್ಪತ್ರೆಗೆ ಬರುವ ಮನುಷ್ಯನಿಗೆ ಇವುಗಳಲ್ಲಿ ಯಾವುದೂ ಅನ್ವಯಿಸುವುದಿಲ್ಲ. ಅವನನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳಲು ಬಳಸುತ್ತಿದ್ದ ಮುಖ್ಯ ಅಳತೆಯಾದರೂ ಏನು? ಗ್ಲಾಸ್ಗೊ ಕೋಮಾ ಸ್ಕೇಲ್. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಈ ಮಾಪಕವು ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನು ನೋಡಿ ಅಂಕ ಕೊಡುತ್ತದೆ. ಇಂದು 3ರಿಂದ 15ರವರೆಗೆ ಎಣಿಸಿ, 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಎನ್ನುತ್ತೇವೆ. ರೋಗಿಯ ಪ್ರಜ್ಞೆ ಗಂಟೆಯಿಂದ ಗಂಟೆಗೆ ಹೇಗೆ ಬದಲಾಗುತ್ತಿದೆ ಎಂದು ಹಾಸಿಗೆಯ ಪಕ್ಕದಲ್ಲೇ ತಿಳಿಯಲು ಅದಕ್ಕಿಂತ ಸರಳವಾದ ಸಾಧನವನ್ನು ನಾನು ಕಂಡಿಲ್ಲ. ಆದರೆ 7 ಅಂಕದ ಒಬ್ಬನಲ್ಲಿ ಮಿದುಳಿನ ಹೊದಿಕೆಯ ಕೆಳಗೆ ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿರಬಹುದು, ಅದೇ ಅಂಕದ ಇನ್ನೊಬ್ಬನ ಸಿ.ಟಿ. ಸ್ಕ್ಯಾನ್ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತ ಒಳಗೆ ಸಾವಿರಾರು ತಂತುಗಳು ಊದಿಕೊಳ್ಳುತ್ತಿರಬಹುದು. ಇಬ್ಬರಿಗೂ ಒಂದೇ ಚುಚ್ಚುಮದ್ದು ಕೊಟ್ಟು ಸರಾಸರಿ ತೆಗೆದರೆ ಉತ್ತರ ಸಿಗದಿರುವುದರಲ್ಲಿ ಅಚ್ಚರಿಯೇನಿದೆ?

ಈ ಕಾರಣಕ್ಕಾಗಿಯೇ ಈಚಿನ ಎರಡು ಬೆಳವಣಿಗೆಗಳನ್ನು ಯಾವುದೇ ಹೊಸ ಔಷಧಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಗಾಯಗೊಂಡ ಮಿದುಳಿನಿಂದ ರಕ್ತಕ್ಕೆ ಸೋರುವ ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಎಂಬ ಪ್ರೋಟೀನುಗಳನ್ನು ಅಳೆಯುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಅನುಮತಿ ಕೊಟ್ಟಿತು. ಈ ವರ್ಷ ಪ್ರಕಟವಾದ ಹೊಸ ವರ್ಗೀಕರಣವು ಕೋಮಾ ಅಂಕವನ್ನು ಉಳಿಸಿಕೊಂಡೇ ಅದರ ಜೊತೆಗೆ ರಕ್ತದ ಸೂಚಕಗಳು, ಸ್ಕ್ಯಾನಿನ ಚಿತ್ರಗಳು, ರೋಗಿಯ ಹಿನ್ನೆಲೆ ಇವುಗಳನ್ನೂ ಲೆಕ್ಕಕ್ಕೆ ತರುತ್ತದೆ. ಪತ್ರಿಕೆಗಳಲ್ಲಿ ತಲೆಗೆ ಪದೇಪದೇ ಪೆಟ್ಟು ತಿಂದ ಆಟಗಾರರ ಮಿದುಳಿನ ಕಾಯಿಲೆಗೆ ಸಿಕ್ಕ ಜಾಗದ ಕಾಲುಭಾಗವೂ ಇದಕ್ಕೆ ಸಿಗಲಿಲ್ಲ. ರಸ್ತೆ ಅಪಘಾತದಲ್ಲೋ ಮೆಟ್ಟಿಲಿನಿಂದ ಬಿದ್ದೋ ಪೆಟ್ಟು ಮಾಡಿಕೊಂಡವರ ಪಾಲಿಗೆ ಸುದ್ದಿ ಇದೇ ಆಗಬೇಕಿತ್ತು.

ಚಿಕಿತ್ಸೆಯ ಕಾಲಾವಕಾಶ ನಾವೆಣಿಸಿದ್ದಕ್ಕಿಂತ ದೀರ್ಘವಿರಬಹುದೆಂಬುದೂ ಗೊತ್ತಾಗುತ್ತಿದೆ. ಮಿದುಳಿನ ಕಾವಲು ಕೋಶಗಳಾದ ಮೈಕ್ರೊಗ್ಲಿಯಾಗಳ ಉದ್ರೇಕವು ಪೆಟ್ಟಾದ 17 ವರ್ಷಗಳ ನಂತರವೂ ಇರಬಲ್ಲುದೆಂದು 2011ರ ಪೆಟ್ ಸ್ಕ್ಯಾನ್ ಅಧ್ಯಯನವೊಂದು ಸೂಚಿಸಿತು. ಐಎಸ್‌ಆರ್‌ಐಬಿ ಎಂಬ ರಾಸಾಯನಿಕವನ್ನು ಪೆಟ್ಟಾದ ವಾರಗಳ ನಂತರ ಕೊಟ್ಟರೂ ಚಿಟ್ಟಿಲಿಗಳ ಕಲಿಕೆ ಸುಧಾರಿಸಿದ್ದನ್ನು 2017ರಲ್ಲಿ ಸುಸಾನಾ ರೋಸಿ ಮತ್ತು ಪೀಟರ್ ವಾಲ್ಟರ್ ಅವರ ತಂಡಗಳು ವರದಿ ಮಾಡಿದವು. ಚಿಟ್ಟಿಲಿಗಳು ನಮ್ಮನ್ನು ಹಿಂದೆಯೂ ಹಿಗ್ಗಿಸಿವೆ. ಆದ್ದರಿಂದ ಈ ಫಲಿತಾಂಶವನ್ನು ಆಸಕ್ತಿಯಿಂದ ಓದುತ್ತೇನೆ, ಅವಸರದಿಂದಲ್ಲ.

ವಿಷಯವನ್ನು ಆರಿಸಿಕೊಳ್ಳಬಹುದು, ಆದರೆ ಔಷಧದಿಂದ ಆರಂಭಿಸಬೇಡ ಎಂದು ಅವಳಿಗೆ ಹೇಳಿದೆ. ಮೂರು ಗಂಟೆಗೆ ಊದಿಕೊಂಡ ತಂತುಗಳಲ್ಲಿ ಯಾವುವಾದರೂ ಕಡಿಯದೆ ಚೇತರಿಸಿಕೊಳ್ಳುತ್ತವೆಯೇ, ಚೇತರಿಸಿಕೊಂಡವು ಬೇರೆಯವುಗಳಿಂದ ಯಾವುದರಲ್ಲಿ ಭಿನ್ನ ಎಂಬುದನ್ನು ಮೊದಲು ನೋಡಲಿ. ಹೆಣ್ಣಿಲಿಗಳೂ ಪ್ರಯೋಗದಲ್ಲಿರಬೇಕೆಂದು ಅವಳು ಪಟ್ಟುಹಿಡಿದಳು. ಇದರಿಂದ ಖರ್ಚೂ ಸಮಯವೂ ಹೆಚ್ಚುತ್ತವೆ, ಆದರೂ ಅವಳು ಹೇಳುವುದೇ ಸರಿ. ಪ್ರಾಣಿ ನೈತಿಕ ಸಮಿತಿಗೆ ಸಲ್ಲಿಸುವ ಅರ್ಜಿಯಲ್ಲಿ ಇಲಿಗಳ ಸಂಖ್ಯೆಯನ್ನು ಹೊಸದಾಗಿ ಲೆಕ್ಕಹಾಕಿ ಸಮರ್ಥಿಸಬೇಕಾಗಿದೆ. ಆ ಕರಡನ್ನು ಅವಳೇ ಬರೆಯಲಿ, ಸೋಮವಾರ ಕುಳಿತು ತಿದ್ದುತ್ತೇನೆ.